ಗರಗಸಕ್ಕಿಂತ ಮೊದಲು ಕಲ್ಲೊಡ್ಡು: ಟಸ್ಕನಿಯಲ್ಲಿ ಪಾಳುಬಿದ್ದ ಆಲಿವ್ ತೋಟ ಎಬ್ಬಿಸುವುದು

ಇಟಲಿಯ ಟಸ್ಕನಿಯಲ್ಲಿ ಹಳೆಯ ಆಲಿವ್ ತೋಟಕ್ಕೆ ಕಾಲಿಟ್ಟರೆ ಒಂದೇ ಬುಡದಿಂದ ಮೂರು ನಾಲ್ಕು ಕಾಂಡ ಎದ್ದಿರುವ ಮರಗಳೇ ಹೆಚ್ಚು ಕಾಣುತ್ತವೆ. ಯಾರೂ ಹಾಗೆ ನೆಟ್ಟದ್ದಲ್ಲ. 1985ರ ಜನವರಿಯಲ್ಲಿ ಫ್ಲಾರೆನ್ಸ್ ಹೊರವಲಯದಲ್ಲಿ ಉಷ್ಣಾಂಶ ಮೈನಸ್ 23 ಡಿಗ್ರಿಗೆ ಇಳಿಯಿತು. ತೊಗಟೆ ಸೀಳಿ ಲಕ್ಷಾಂತರ ಮರಗಳು ನೆಲಮಟ್ಟದವರೆಗೆ ಸತ್ತವು, ಆದರೆ ಮಣ್ಣೊಳಗಿನ ಬೊಡ್ಡೆ ಸಾಯಲಿಲ್ಲ. ಇವತ್ತು ಕಾಣುವ ಕಾಂಡಗಳು ಆ ಬೊಡ್ಡೆಯ ಸುತ್ತ ಎದ್ದ ಚಿಗುರುಗಳು. ಮೂವತ್ತು ವರ್ಷ ಮುಳ್ಳಿನಡಿ ಮುಚ್ಚಿಹೋದ ಮರವೂ ಸಾಮಾನ್ಯವಾಗಿ ಜೀವಂತವಾಗಿಯೇ ಇರುತ್ತದೆ. ಚಾಕುವಿನಿಂದ ತೊಗಟೆ ಕೆರೆದು ನೋಡಿ, ಒಳಗೆ ಹಸಿರು ಇದ್ದರೆ ಮರ ಕಾದು ನಿಲ್ಲುತ್ತದೆ ಎಂದೇ ಲೆಕ್ಕ. ಅವಸರ ಇರುವುದು ಮರಕ್ಕಲ್ಲ, ಕೊಂಡವನಿಗೆ. ಪಾಳು ತೋಟಗಳು ಎರಡನೇ ಸಲ ಕೆಡುವುದು ಆ ಅವಸರದಿಂದ.

ಈ ತೋಟಗಳು ಪಾಳು ಬಿದ್ದ ಕಾರಣ ತಿಳಿದಿದ್ದರೆ ಕೆಲಸ ಸಲೀಸು. ಇಲ್ಲಿ ಶತಮಾನಗಳ ಕಾಲ ನಡೆದದ್ದು ಮೆತ್ಸಾದ್ರಿಯಾ, ಅಂದರೆ ನಮ್ಮ ಕೋರು ಪದ್ಧತಿಯಂಥದ್ದು: ಭೂಮಿ ಒಡೆಯನದು, ದುಡಿಮೆ ಒಕ್ಕಲಿನದು, ಬೆಳೆ ಅರ್ಧರ್ಧ. 1950–60ರ ದಶಕಗಳಲ್ಲಿ ಒಕ್ಕಲುಗಳು ಕಾರ್ಖಾನೆಗಳ ಕಡೆ ನಡೆದವು; 1964ರ ಕಾನೂನು ಹೊಸ ಮೆತ್ಸಾದ್ರಿಯಾ ಕರಾರುಗಳನ್ನು ನಿಷೇಧಿಸಿತು. ಕರ್ನಾಟಕದ 1974ರ ತಿದ್ದುಪಡಿಯಂತೆ ಉಳುವವನಿಗೆ ಭೂಮಿ ಕೊಡುವ ಕಾನೂನು ಅದಲ್ಲ. ಕೈಗಳು ಹೋದವು, ಕಲ್ಲೊಡ್ಡುಗಳು ಉಳಿದವು. ಆ ಒಡ್ಡುಗಳನ್ನು ವರ್ಷವರ್ಷ ನೋಡಿಕೊಳ್ಳುತ್ತಿದ್ದದ್ದು ಆ ಕೈಗಳೇ.

ಮೊದಲು ಕಾಗದ, ಅದೂ ಬೇಗ. ಜಮೀನಿಗೆ ತಾಗಿಕೊಂಡು ಸ್ವಂತ ದುಡಿಯುವ ರೈತನಿದ್ದರೆ ಕೊಳ್ಳುವ ಮೊದಲ ಹಕ್ಕು ಅವನದು. ಅವನಿಗೆ ಕ್ರಮಬದ್ಧ ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಕೊಡದಿದ್ದರೆ ನೋಂದಣಿಯಾದ ಒಂದು ವರ್ಷದೊಳಗೆ ಅದೇ ಬೆಲೆಗೆ ಜಮೀನನ್ನು ನಿಮ್ಮ ಕೈಯಿಂದ ಬಿಡಿಸಿಕೊಳ್ಳಬಹುದು. ಎರಡನೆಯದು ಕಾಡು. 2018ರ ರಾಷ್ಟ್ರೀಯ ಅರಣ್ಯ ಸಂಹಿತೆಯ ಪ್ರಕಾರ 2,000 ಚದರ ಮೀಟರಿಗೆ ಕಡಿಮೆಯಿಲ್ಲದ ವಿಸ್ತಾರ, ಸರಾಸರಿ 20 ಮೀಟರ್ ಅಗಲ ಮತ್ತು 20 ಪ್ರತಿಶತಕ್ಕೂ ಹೆಚ್ಚು ಮರದ ನೆರಳು ಇದ್ದರೆ ಆ ಜಾಗ ಅರಣ್ಯ. ಪತ್ರದಲ್ಲಿ ಆಲಿವ್ ತೋಟ ಎಂದಿದ್ದರೂ, ಓಕ್ ಮತ್ತು ಆಶ್ ಮರ ಬೆಳೆದುಬಿಟ್ಟಿದ್ದರೆ ಅನುಮತಿಯಿಲ್ಲದೆ ಕಡಿಯುವುದು ಅಪರಾಧ. ಹಿಂದೆ ಕೃಷಿಯಿದ್ದ ನೆಲವನ್ನು ಮತ್ತೆ ಕೃಷಿಗೆ ತರಲು ವಿನಾಯಿತಿಗಳಿವೆ, ಆದರೆ ಅದನ್ನು ತೀರ್ಮಾನಿಸುವವರು ಪ್ರಾದೇಶಿಕ ಅರಣ್ಯ ಕಚೇರಿಯವರು, ಗರಗಸ ಹಿಡಿದವರಲ್ಲ. ಹಳೆಯ ವೈಮಾನಿಕ ಚಿತ್ರದಲ್ಲಿ ಮರಗಳ ಸಾಲು ಕಂಡರೆ ಅರ್ಜಿಗೆ ಬಲ.

ಇನ್ನು ಒಡ್ಡು. ಬಂದವರು ಮರ ನೋಡಿ ಮರುಳಾಗಿ ಗೋಡೆಯನ್ನು ಮೂರನೇ ವರ್ಷಕ್ಕೆ ಬಿಡುತ್ತಾರೆ. ಆ ಹೊತ್ತಿಗೆ ಗೋಡೆ ಕುಸಿದು ಮೇಲಿನ ಪಟ್ಟಿಯ ಮಣ್ಣು ಕೆಳಗಿನ ಮರದ ಕುತ್ತಿಗೆವರೆಗೆ ತುಂಬಿರುತ್ತದೆ, ಆಲಿವ್ ಬೇರಿಗೆ ಉಸಿರು ಕಟ್ಟುತ್ತದೆ. ಗಾರೆಯಿಲ್ಲದ ಒಡ್ಡು ಬೀಳುವ ಮೊದಲು ಮಧ್ಯದಲ್ಲಿ ಉಬ್ಬುತ್ತದೆ. ನಾವು ಗೋಡೆ ಹೊಟ್ಟೆ ಬಿಟ್ಟಿದೆ ಅನ್ನುವಂತೆ ಇಟಾಲಿಯನ್ನರೂ ಹೊಟ್ಟೆ ಎಂಬ ಪದವನ್ನೇ ಬಳಸುತ್ತಾರೆ. ಉಬ್ಬಿದ ಗೋಡೆಯನ್ನು ಒಳಗೆ ತಳ್ಳಿ ಸರಿಪಡಿಸಲಾಗದು. ಉಬ್ಬಿನ ಎರಡೂ ಕಡೆ ಒಂದೊಂದು ಮೀಟರ್ ಗಟ್ಟಿ ಗೋಡೆ ಸೇರುವಂತೆ ಇಂಗ್ಲಿಷಿನ ವಿ ಆಕಾರದಲ್ಲಿ ಮೇಲಿನಿಂದ ಬಿಚ್ಚಬೇಕು. ಬಿಚ್ಚುವಾಗಲೇ ಕಲ್ಲು ವಿಂಗಡಿಸಿ: ಮೇಲಿನ ಸಾಲಿನ ತಲೆಗಲ್ಲು ದೂರ, ಹೊರಗೆ ಕಾಣುವ ಮುಖಗಲ್ಲು ಹತ್ತಿರ, ಚಕ್ಕೆ ಪಕ್ಕದಲ್ಲಿ ಗುಡ್ಡೆ. ಇದನ್ನು ತಪ್ಪಿಸಿದವರು ಕಟ್ಟುವಾಗ ಒಂದೇ ಕಲ್ಲನ್ನು ಐದು ಸಲ ಎತ್ತಿಡುತ್ತಾರೆ.

ಗಟ್ಟಿ ನೆಲ ಸಿಗುವವರೆಗೆ, 30–40 ಸೆಂಟಿಮೀಟರಾದರೂ ಅಡಿಪಾಯ ತೋಡಿ, ತಳವನ್ನು ಗುಡ್ಡದ ಕಡೆಗೆ ತುಸು ವಾಲಿಸಿ. ತಳದ ಅಗಲ ಎತ್ತರದ ಅರ್ಧದಷ್ಟಿರಲಿ. ಮುಖ ನೆಟ್ಟಗೆ ನಿಲ್ಲಬಾರದು, ಒಂದು ಮೀಟರ್ ಏರಿದಂತೆ 10–15 ಸೆಂಟಿಮೀಟರ್ ಹಿಂದಕ್ಕೆ ಒರಗಬೇಕು. ಕಲ್ಲಿನ ಉದ್ದ ಗೋಡೆಯ ಒಳಕ್ಕೆ ಹೋಗಬೇಕು; ಅಂದವಾಗಿ ಕಾಣಲೆಂದು ಉದ್ದ ಮುಖವನ್ನು ಹೊರಗಿಟ್ಟ ಗೋಡೆ ಬೇಗ ಬಾಯಿ ಬಿಡುತ್ತದೆ. ಒಂದು ಕಲ್ಲಿನ ಸಂದಿನ ಮೇಲೆ ಇನ್ನೊಂದರ ಸಂದು ಕೂರಬಾರದು. ಹಿಂದೆ ಸುಮಾರು 30 ಸೆಂಟಿಮೀಟರ್ ದಪ್ಪಕ್ಕೆ ಬರೀ ಕಲ್ಲುಚೂರು, ಮಣ್ಣಲ್ಲ. ಒಡ್ಡಿನ ಅಸಲು ಅಂಗ ಈ ಚೂರು: ನೀರು ಅದರಲ್ಲಿ ಇಳಿದು ಕಲ್ಲಿನ ಸಂದಿನಲ್ಲಿ ಹೊರಡುತ್ತದೆ. ಗಟ್ಟಿಯಾಗಲಿ ಎಂದು ಸಿಮೆಂಟ್ ಮೆತ್ತಿದರೆ ನೀರು ಒಳಗೇ ನಿಂತು, ನವೆಂಬರ್ ಮಳೆಗೆ ತೂಕ ಏರಿ, ಗೋಡೆ ಇಡಿಯಾಗಿ ಮುಂದಕ್ಕೆ ಬೀಳುತ್ತದೆ. ನುರಿತ ಒಬ್ಬನಿಂದ ದಿನಕ್ಕೆ ಎರಡು ಚದರ ಮೀಟರ್ ಆಸುಪಾಸು ಆಗುತ್ತದೆ. ಬಜೆಟ್ ಬರೆಯುವ ಮುನ್ನ ಕುಸಿದ ಗೋಡೆಯ ಉದ್ದ, ಎತ್ತರ ಅಳೆದು ಗುಣಿಸಿ, ಬಂದ ಚದರ ಮೀಟರನ್ನು ಈ ಅಂಕಿಯಿಂದ ಭಾಗಿಸಿ, ನಿದ್ದೆ ಹಾರುತ್ತದೆ. ಇಟಲಿ ಸೇರಿ ಎಂಟು ದೇಶಗಳ ಈ ಗಾರೆರಹಿತ ಗೋಡೆ ಕಲೆಯನ್ನು ಯುನೆಸ್ಕೊ 2018ರಲ್ಲಿ ಪಾರಂಪರಿಕ ಪಟ್ಟಿಗೆ ಸೇರಿಸಿದೆ. ಕಾಡುಹಂದಿಗಳಿಗೆ ಆ ಸುದ್ದಿ ಮುಟ್ಟಿಲ್ಲ; ಹುಳು ಹುಡುಕುತ್ತ ತಲೆಗಲ್ಲನ್ನು ಉರುಳಿಸುವುದು ಅವೇ. ಅದಕ್ಕೇ ಮೇಲಿನ ಸಾಲಿಗೆ ಇರುವುದರಲ್ಲೇ ಭಾರವಾದ ಕಲ್ಲು.

ಪೊದೆ ಬಿಡಿಸುವುದು ಚಳಿಗಾಲದ ಕೆಲಸ. ಆಗ ಹಕ್ಕಿಗೂಡು ಇರುವುದಿಲ್ಲ, ಹಾವು, ಉಣ್ಣಿಗಳ ಕಾಟ ಕಡಿಮೆ. ಟ್ರ್ಯಾಕ್ಟರಿನ ಹಿಂದೆ ಪೊದೆ ಪುಡಿ ಮಾಡುವ ಯಂತ್ರ ಕಟ್ಟಿ ನೇರ ನುಗ್ಗಬೇಡಿ. ಬ್ಲ್ಯಾಕ್‌ಬೆರಿ ಮುಳ್ಳಿನ ಗುಡ್ಡೆಯೊಳಗೆ ಹಳೆ ದ್ರಾಕ್ಷಿ ತಂತಿ, ಕಬ್ಬಿಣದ ಗೂಟ, ಒಡ್ಡಿನ ಅಂಚು ಎಲ್ಲ ಅಡಗಿರುತ್ತವೆ. ಅಂಚು ತಪ್ಪಿದರೆ ಯಂತ್ರ ಮಗುಚುತ್ತದೆ. ಮೊದಲು ಕೈಗತ್ತಿಯಿಂದ ಪ್ರತಿ ಮರದ ಸುತ್ತ ಒಂದೂವರೆ ಮೀಟರ್ ಬಿಡಿಸಿ ಕೋಲು ನೆಟ್ಟು ಗುರುತಿಟ್ಟುಕೊಳ್ಳಿ. ಮುಳ್ಳು ಒಂದು ಸಲಕ್ಕೆ ಸಾಯುವುದಿಲ್ಲ. ಮೊದಲ ಎರಡು ಬೇಸಿಗೆ ಮೂರು ಮೂರು ಸಲ ಕತ್ತರಿಸಿದರೆ ಬೇರು ಸೋಲುತ್ತದೆ. ಸೊಪ್ಪುಸದೆ ಸುಡಬೇಕೆಂದಿದ್ದರೆ ಜುಲೈ 1ರಿಂದ ಆಗಸ್ಟ್ 31ರವರೆಗೆ ಟಸ್ಕನಿಯಲ್ಲಿ ಬೆಂಕಿ ಹಚ್ಚುವಂತಿಲ್ಲ. ಪುಡಿ ಮಾಡಿ ನೆಲಕ್ಕೆ ಬಿಡುವುದು ಎಲ್ಲ ರೀತಿಯಲ್ಲೂ ಲೇಸು.

ಈಗ ಸವರುವ ಮಾತು. ವಿಜಯಪುರದ ದ್ರಾಕ್ಷಿ ಬೆಳೆಗಾರರು ಚಾಟನಿ ಅನ್ನುವ ಕೆಲಸವೇ, ಆದರೆ ಆಲಿವ್ ದ್ರಾಕ್ಷಿಯಲ್ಲ. ಕಾಯಿ ಬರುವುದು ಹಿಂದಿನ ವರ್ಷದ ಕಡ್ಡಿಯ ಮೇಲೆ. ಎಂಟು ಮೀಟರ್ ಏರಿದ ಮರವನ್ನು ಒಂದೇ ಸಲ ಬೋಳಿಸಿದರೆ ಮುಂದಿನ ಎರಡು ವರ್ಷ ಕಾಯಿಯಿಲ್ಲ, ನೀರುಚಿಗುರಿನ ಕಾಡು ಮಾತ್ರ. ಬೇರಿನ ಶಕ್ತಿಯೆಲ್ಲ ನೆಟ್ಟನೆ ಕಡ್ಡಿಗಳಾಗಿ ಏಳುತ್ತದೆ. ಜತೆಗೆ ಇಷ್ಟು ವರ್ಷ ನೆರಳಿನಲ್ಲಿದ್ದ ತೊಗಟೆಗೆ ಜುಲೈ ಬಿಸಿಲು ನೇರ ಬಡಿದು ಸುಟ್ಟು ಸೀಳುತ್ತದೆ. ಆದ್ದರಿಂದ ಎರಡು ಮೂರು ವರ್ಷಗಳಲ್ಲಿ ಇಳಿಸಬೇಕು, ಒಂದು ವರ್ಷಕ್ಕೆ ಚಪ್ಪರದ ಮೂರನೇ ಒಂದು ಭಾಗ ಮೀರಬಾರದು. ಕಾಲ ಫೆಬ್ರವರಿ ಕೊನೆಯಿಂದ ಏಪ್ರಿಲ್. ಅದಕ್ಕೂ ಮೊದಲು ಕತ್ತರಿಸಿದರೆ ಗಾಯಕ್ಕೆ ಹಿಮ ಬಡಿಯುತ್ತದೆ.

ಮೊದಲ ವರ್ಷ ಒಣಕಟ್ಟಿಗೆ ಮತ್ತು ಬುಡದ ಚಿಗುರು ಮಾತ್ರ ತೆಗೆಯಿರಿ, ತುದಿಯನ್ನು ಒಂದು ಹಂತ ಇಳಿಸಿ. ಬಹುಕಾಂಡದ ಮರದಲ್ಲಿ ದೂರದೂರ ನಿಂತ ಮೂರು ನಾಲ್ಕು ಕಾಂಡ ಆಯ್ದು, ಇಡೀ ಗುಂಪನ್ನೇ ಒಂದು ಹೂಜಿಯಂತೆ ನೋಡಿ: ಪ್ರತಿ ಕಾಂಡ ಹೂಜಿಯ ಒಂದೊಂದು ಗೋಡೆ, ನಡುವೆ ಖಾಲಿ. ಪ್ರತಿ ಕಾಂಡವೂ ಕೆಳಗೆ ಅಗಲ, ಮೇಲೆ ಚೂಪು, ತುದಿಯಲ್ಲಿ ಒಂದೇ ಕಡ್ಡಿ. ಆ ತುದಿಯನ್ನು ಕತ್ತರಿಸಿ ಚಪ್ಪಟೆ ಮಾಡಿದರೆ ಸುತ್ತ ಹತ್ತು ಕಡ್ಡಿ ಏಳುತ್ತವೆ. ಇಳಿಸಬೇಕಾದರೆ ಹೊರಮುಖವಾದ ಒಂದು ಪಕ್ಕದ ಕೊಂಬೆಯವರೆಗೆ ಕತ್ತರಿಸಿ, ಅದೇ ಹೊಸ ತುದಿಯಾಗಲಿ. ಕೊನೆಗೆ ಎತ್ತರ ನಾಲ್ಕೂವರೆ ಮೀಟರ್ ಒಳಗೆ ನಿಂತರೆ ಏಣಿಯಿಲ್ಲದೆ, ಕೋಲುಗರಗಸದಿಂದಲೇ ಕೆಲಸ ನಡೆಯುತ್ತದೆ.

ದೊಡ್ಡ ಕೊಂಬೆಯನ್ನು ಕಾಂಡಕ್ಕೆ ಸಪಾಟಾಗಿ ಕೊಯ್ಯಬೇಡಿ. ಕೊಯ್ದ ಜಾಗದಿಂದ ಕಟ್ಟಿಗೆ ಒಳಮುಖವಾಗಿ ಶಂಕುವಿನಂತೆ ಒಣಗುತ್ತ ಹೋಗುತ್ತದೆ, ಆ ಒಣಗಿನ ಹಿಂದೆಯೇ ಕೊಳೆತ. ಹಳೆ ಆಲಿವ್‌ಗಳ ಟೊಳ್ಳು ಹೊಟ್ಟೆ ಬಹುಪಾಲು ಹೀಗೆ ಆದದ್ದು. ಕೊಂಬೆಯ ದಪ್ಪದಷ್ಟು ಮೋಟು ಬಿಟ್ಟರೆ ಒಣಗು ಮೋಟಿನಲ್ಲೇ ಮುಗಿಯುತ್ತದೆ. ಅಲ್ಲಿಯವರು ಅದಕ್ಕೆ ‘ಲೆನ್ಯೊ ದಿ ರಿಸ್ಪೆತ್ತೊ’ ಅನ್ನುತ್ತಾರೆ: ಮರ್ಯಾದೆಯ ಕಟ್ಟಿಗೆ. ಆ ಬೇಸಿಗೆ ಏಳುವ ನೀರುಚಿಗುರನ್ನೆಲ್ಲ ಕೀಳಬೇಡಿ, ಬರಿದಾದ ಕೊಂಬೆಯ ಮೇಲೆ ನೆರಳಿಗೆಂದು ಅಲ್ಲೊಂದು ಇಲ್ಲೊಂದು ಬಿಡಿ. ಭಾರಿ ಸವರಿದ ವರ್ಷ ಸಾರಜನಕ ಗೊಬ್ಬರವೂ ಬೇಡ, ಅದೂ ಚಿಗುರಿಗೇ ಹೋಗುತ್ತದೆ. ಇನ್ನೊಂದು ಎಚ್ಚರ: ಮೂಲ ಮರ ಕಸಿ ಕಟ್ಟಿದ್ದಾಗಿದ್ದರೆ 1985ರ ನಂತರ ಎದ್ದ ಕಾಂಡ ಕಸಿಯ ಕೆಳಗಿನ ಕಾಡುತಳಿ ಇರಬಹುದು. ಚಿಕ್ಕ ಗಿಡ್ಡ ಎಲೆ, ಬಟಾಣಿಯಷ್ಟು ಕಾಯಿ ಕಂಡರೆ ಅನುಮಾನಿಸಿ, ಏಪ್ರಿಲ್–ಮೇ ತಿಂಗಳಲ್ಲಿ ತೊಗಟೆ ಸುಲಿಯುವಂತಾದಾಗ ಲೆಚ್ಚೀನೊ ಅಥವಾ ಫ್ರಾಂತೊಯೊ ತಳಿಯ ಕಡ್ಡಿಯಿಂದ ತೊಗಟೆಕಸಿ ಕಟ್ಟಿ. ತೋಟದಲ್ಲಿರುವುದೆಲ್ಲ ಮೊರಾಯೊಲೊ ತಳಿಯೇ ಆದರೆ ಹೂ ಬಿಟ್ಟರೂ ಕಾಯಿ ಕಚ್ಚುವುದು ಕಷ್ಟ, ಪರಾಗಕ್ಕೆ ಪೆಂದೊಲೀನೊ ತಳಿ ಬೇಕು.

ರೋಗದ ವಿಷಯದಲ್ಲಿ ಅಡಕೆ ಬೆಳೆದವರಿಗೆ ಪಾಠ ಅರ್ಧ ಗೊತ್ತೇ ಇದೆ. ಎಲೆಯ ಮೇಲೆ ನವಿಲುಗಣ್ಣಿನಂಥ ಉಂಗುರ ಮೂಡಿ ಉದುರಿಸುವ ಶಿಲೀಂಧ್ರಕ್ಕೂ, ಕಡ್ಡಿಯಲ್ಲಿ ಗಂಟು ಕಟ್ಟಿಸುವ ಬ್ಯಾಕ್ಟೀರಿಯಾಕ್ಕೂ ಮದ್ದು ತಾಮ್ರ; ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದ ಬಂಧುಗಳೇ. ವ್ಯತ್ಯಾಸ ಲೆಕ್ಕದಲ್ಲಿ. ಐರೋಪ್ಯ ಒಕ್ಕೂಟದಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೊ ಲೋಹತಾಮ್ರ ಮಿತಿ, ಅಂದರೆ ವರ್ಷಕ್ಕೆ ಸರಾಸರಿ 4. ಮೈಲುತುತ್ತದಲ್ಲಿ ಕಾಲುಭಾಗ ತಾಮ್ರ. ಒಂದು ಪ್ರತಿಶತದ ದ್ರಾವಣ ಹೆಕ್ಟೇರಿಗೆ ಸಾವಿರ ಲೀಟರ್ ಹೊಡೆದರೆ 10 ಕಿಲೊ ಮೈಲುತುತ್ತ, ಎರಡೂವರೆ ಕಿಲೊ ತಾಮ್ರ. ವರ್ಷಕ್ಕೆ ಎರಡು ಸುತ್ತು ಹೊಡೆದರೆ ಸರಾಸರಿ ದಾಟಿತು. ಆದ್ದರಿಂದ ಕಾಣುವ ಮುನ್ನ ಪತ್ತೆ ಮಾಡುವುದು ಲಾಭ: ಎಲೆಗಳನ್ನು 5 ಪ್ರತಿಶತದ ಕಾಸ್ಟಿಕ್ ಸೋಡ ದ್ರಾವಣದಲ್ಲಿ ಅರ್ಧ ಗಂಟೆ ನೆನೆಸಿದರೆ ಒಳಗಿನ ಸೋಂಕು ಕಪ್ಪು ಚುಕ್ಕೆಯಾಗಿ ಹೊರಬೀಳುತ್ತದೆ. ಕೈಗವಸು ಬೇಕೇ ಬೇಕು. ಗಂಟುರೋಗದ ಮರವನ್ನು ಒಣಹವೆಯಲ್ಲಿ, ಎಲ್ಲಕ್ಕಿಂತ ಕೊನೆಗೆ ಸವರಿ, ಗರಗಸ ತೊಳೆಯಿರಿ. ಆಲಿಕಲ್ಲು ಬಿದ್ದರೆ ಒಂದೆರಡು ದಿನದಲ್ಲಿ ತಾಮ್ರ.

ಪಾಳು ತೋಟದ ನಿಜವಾದ ಕಾಟ ಹಣ್ಣುನೊಣ, ನಮ್ಮ ಮಾವಿನ ನೊಣದ ಕುಲದ್ದೇ. ಜುಲೈಯಲ್ಲಿ ಓಟೆ ಗಟ್ಟಿಯಾದ ಮೇಲೆ ಕಾಯಿಯೊಳಗೆ ಮೊಟ್ಟೆ ಇಡುತ್ತದೆ. ಕೊಯ್ಯದೆ ಬಿಟ್ಟ ಕಾಯಿ ಇಡೀ ಊರಿನ ನೊಣಕ್ಕೆ ತೊಟ್ಟಿಲು. ಎಣ್ಣೆಗೆ ಸಾಲದಷ್ಟೇ ಬೆಳೆ ಬಂದರೂ ಮರ ಬರಿದು ಮಾಡಿ. ಕೆಯೊಲಿನ್ ಜೇಡಿಯನ್ನು ನೂರು ಲೀಟರಿಗೆ 5 ಕಿಲೊ ಬೆರೆಸಿ ಕಾಯಿಗೆ ಬಿಳಿ ಪದರ ಹಿಡಿಸಿದರೆ ನೊಣ ಮೋಸಹೋಗುತ್ತದೆ, ಜೋರು ಮಳೆ ಬಿದ್ದರೆ ಮತ್ತೆ ಹೊಡೆಯಬೇಕು.

ನೆಲಕ್ಕೆ ನೇಗಿಲು ಬೇಡ, ಮೇಲ್ಬೇರು ಹರಿಯುತ್ತದೆ. ಅಕ್ಟೋಬರಿನಲ್ಲಿ ಹೆಕ್ಟೇರಿಗೆ ಸುಮಾರು 150 ಕಿಲೊ ಸಣ್ಣ ಬಾಕಳೆ (ಫೇವಾ ಬೀನ್) ಬೀಜ ಬಿತ್ತಿ, ಹೂ ಬಂದಾಗ ಕೊಯ್ದು ಅಲ್ಲೇ ಬಿಡಿ. ಹಸಿರೆಲೆ ಗೊಬ್ಬರವಾಗಿ ನಮ್ಮ ಸೆಣಬು ಮಾಡುವ ಕೆಲಸ ಅದು ಮಾಡುತ್ತದೆ.

ಲೆಕ್ಕಕ್ಕೆ ಸಿಗುವ ಬೆಳೆ ಮೂರನೇ ಶರತ್ಕಾಲಕ್ಕೆ. ನೂರು ಮರಕ್ಕೆ ತಲಾ 10 ಕಿಲೊ ಬಂದರೆ ಒಂದು ಟನ್ ಕಾಯಿ, ಗಾಣದಲ್ಲಿ 120–140 ಕಿಲೊ ಎಣ್ಣೆ. ಗೋಣಿಚೀಲಕ್ಕೆ ತುಂಬಿದ ಕಾಯಿ ಒಳಗೇ ಬಿಸಿಯಾಗಿ ಹುಳಿಯುತ್ತದೆ. ತೂತಿನ ಕ್ರೇಟಿನಲ್ಲಿ 20 ಕಿಲೊ ಮೀರದಂತೆ ಹಾಕಿ, ಕೊಯ್ದ 24 ಗಂಟೆಯೊಳಗೆ ಗಾಣಕ್ಕೆ ಮುಟ್ಟಿಸಿ. ಸರದಿಯನ್ನು ಕೊಯ್ಲಿಗೆ ಮೊದಲೇ ಬರೆಸಿಡಬೇಕು, ನವೆಂಬರ್ ಮೊದಲ ವಾರ ಊರಿಗೆ ಊರೇ ಅಲ್ಲಿರುತ್ತದೆ. ನಿಮ್ಮ ಕಾಯಿ ಬೇರೆಯಾಗಿಯೇ ಅರೆಯಬೇಕಾದರೆ ಕನಿಷ್ಠ ತೂಕ ಎಷ್ಟೆಂದು ಕೇಳಿ, ಸಾಮಾನ್ಯವಾಗಿ 200–300 ಕಿಲೊ ಇರುತ್ತದೆ. ಅರೆದ ಕಾಯಿಯನ್ನು ಕಲಸುವ ತೊಟ್ಟಿಯ ಉಷ್ಣಮಾಪಕ 27 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಮನೆಗೆ ತಂದ ಎಣ್ಣೆಯನ್ನು ಸ್ಟೀಲ್ ಡಬ್ಬಿಯಲ್ಲಿ, ಬೆಳಕಿಲ್ಲದ ಕೋಣೆಯಲ್ಲಿಟ್ಟು, ಒಂದೆರಡು ತಿಂಗಳ ಮೇಲೆ ತಳದ ಗಸಿ ಬಿಟ್ಟು ತಿಳಿ ಮಾತ್ರ ಬಸಿದುಕೊಳ್ಳಿ. ಗಸಿಯ ಮೇಲೆಯೇ ಬಿಟ್ಟ ಎಣ್ಣೆ ಮಾರ್ಚ್ ಹೊತ್ತಿಗೆ ಮುಗ್ಗಲು ವಾಸನೆ ಹಿಡಿಯುತ್ತದೆ.