ಸತ್ತ ಹಕ್ಕಿಯನ್ನು ಫ್ರೀಜರಿಗೆ ಹಾಕಬೇಡಿ

ಕೆರೆಯಂಚಿನಲ್ಲಿ ನಾಲ್ಕು ಹಕ್ಕಿ ಸತ್ತರೆ ಸಾಕು, "ಹಕ್ಕಿಜ್ವರವಾ?" ಎಂದು ಕೇಳುತ್ತಾರೆ. ಕೇಳಲೇಬೇಕು. ಆದರೆ ಜೊತೆಗೇ ಬರುವ ಮಾತು: "ಹಾಳಾಗದ ಹಾಗೆ ಫ್ರೀಜರಿನಲ್ಲಿ ಇಟ್ಟಿದ್ದೇವೆ." ದಯವಿಟ್ಟು ಬೇಡ. ಅದು ಹಾಳಾಗುವುದೇ ಅಲ್ಲಿ.

ಹೆಪ್ಪುಗಟ್ಟುವಾಗ ಒಳಗಿನ ನೀರು ಹರಳಾಗಿ ಜೀವಕೋಶವನ್ನು ಸೀಳುತ್ತದೆ. ಆಮೇಲೆ ಮಿದುಳು, ಯಕೃತ್ತಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗದ ಗಾಯ ಯಾವುದು, ಹರಳಿನ ಗಾಯ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಮನೆಯ ಫ್ರೀಜರಿನ −20 ಡಿಗ್ರಿಯಲ್ಲಿ ವೈರಸ್ಸೂ ಸೊರಗುತ್ತದೆ. ಕರೆಂಟು ಹೋಗಿ ಬಂದು ಕರಗಿ ಗಟ್ಟಿಯಾದಷ್ಟೂ ಹೆಚ್ಚು. ವೈರಸ್ಸಿನ ಗುರುತು ಹುಡುಕುವ ಪಿಸಿಆರ್ ಪರೀಕ್ಷೆಗೆ ಅದರ ಆರ್‌ಎನ್‌ಎ (ಆನುವಂಶಿಕ ವಸ್ತು) ತುಣುಕು ಸಿಕ್ಕರೂ ಸಿಕ್ಕೀತು. 9ರಿಂದ 11 ದಿನದ ಭ್ರೂಣವಿರುವ ಕೋಳಿಮೊಟ್ಟೆಯಲ್ಲಿ ಅದನ್ನು ಬೆಳೆಸಿ ನೋಡಲು ಮಾತ್ರ ಜೀವಂತ ವೈರಸ್ಸೇ ಬೇಕು.

ಬೇಕಾದದ್ದು 4 ಡಿಗ್ರಿಯ ತಂಪು, ಅದೂ ಬೇಗ. ಹಕ್ಕಿಯ ಮೈಬಿಸಿ ಸುಮಾರು 41 ಡಿಗ್ರಿ. ಸತ್ತ ಮೇಲೂ ಗರಿ ಕಂಬಳಿಯಂತೆ ಆ ಬಿಸಿಯನ್ನು ಹಿಡಿದಿಡುವುದರಿಂದ ಒಳಗಿನಿಂದಲೇ ಕೊಳೆಯತೊಡಗುತ್ತದೆ. ಎರಡು ಪ್ಲಾಸ್ಟಿಕ್ ಚೀಲ, ಥರ್ಮಾಕೋಲ್ ಪೆಟ್ಟಿಗೆ, ಸುತ್ತ ಐಸ್ ಪ್ಯಾಕ್, 24 ಗಂಟೆಯೊಳಗೆ ಪ್ರಯೋಗಾಲಯ. ಮುಟ್ಟುವ ಕೆಲಸ ಕೈಗವಸು, ಎನ್95 ಮಾಸ್ಕ್, ಕನ್ನಡಕ ತೊಟ್ಟ ತರಬೇತಿ ಪಡೆದವರದು. ಊರಿನವರು ಪಶುಪಾಲನಾ ಇಲಾಖೆಗೆ ತಿಳಿಸಿ ದೂರ ನಿಂತರೆ ಸಾಕು.

ಇನ್ನು ಮಾದರಿ ತೆಗೆಯುವವರಿಗೆ: ಗಂಟಲು, ಗುದದ್ವಾರ ಎರಡರಿಂದಲೂ ಸ್ವಾಬ್, ಅಂದರೆ ಕಡ್ಡಿಯ ತುದಿಯಲ್ಲಿ ಒರೆಸಿ ತೆಗೆದ ಮಾದರಿ ಬೇಕು. ತುದಿ ಪಾಲಿಯೆಸ್ಟರಿನದಿರಲಿ, ಮರದ ಕಡ್ಡಿ ಪಿಸಿಆರ್‌ಗೆ ಅಡ್ಡಿಯಾಗಬಹುದು. ಅಂಗಾಂಶವಾದರೆ ಅರ್ಧ ಸೆಂ.ಮೀ. ದಪ್ಪದ ತುಣುಕು, ಅದರ ಹತ್ತು ಪಟ್ಟು ಶೇ 10ರ ಫಾರ್ಮಲಿನ್ (ಅಂಗಾಂಶ ಕೊಳೆಯದಂತೆ ಕಾಪಾಡುವ ದ್ರಾವಣ). ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ವೈರಸ್ ಸಾಯುತ್ತದೆ, ಒಂದು ಪಾಲು ಹಾಗೆಯೇ ತಂಪಿನಲ್ಲಿರಲಿ.

ಹಳೆಯ ಶವದ ಸ್ವಾಬ್ ನೆಗೆಟಿವ್ ಬಂದರೆ "ಹಕ್ಕಿಜ್ವರವಿಲ್ಲ" ಎಂದು ಘೋಷಿಸಲು ಪ್ರಯೋಗಾಲಯದ ನಾವು ಹಿಂಜರಿಯುತ್ತೇವೆ. ಇನ್ನೊಂದು ಕಡೆ, ಹಕ್ಕಿ ಸತ್ತಲ್ಲೆಲ್ಲ ವೈರಸ್ ಇರುವುದಿಲ್ಲ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಸತ್ತಾಗ ಭೋಪಾಲದ ಪ್ರಯೋಗಾಲಯ ಹಕ್ಕಿಜ್ವರವನ್ನು ತಳ್ಳಿಹಾಕಿತು. ಕಾರಣ ಬಾಟ್ಯುಲಿಸಂ, ಅಂದರೆ ಬ್ಯಾಕ್ಟೀರಿಯಾ ಹೊರಬಿಡುವ ವಿಷ. ನಮ್ಮ ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಗಳ (ಪೆಲಿಕನ್) ಸಾವಿಗೆ ಕಾರಣವೆಂದು ಕಂಡದ್ದು ಜಂತುಹುಳು. ಸ್ವಾಬ್ ಒಂದನ್ನೇ ಕಳಿಸಿದ್ದರೆ ಇವು ಸಿಗುತ್ತಿರಲಿಲ್ಲ. ಹಾಗಾಗಿ ಈಗಷ್ಟೇ ಸತ್ತ ಎರಡು ಮೂರು ಇಡೀ ಹಕ್ಕಿಗಳನ್ನು ಕಳಿಸಿ. ಚೀಟಿಯಲ್ಲಿ ಜಾತಿ, ಸ್ಥಳ, ಸಿಕ್ಕ ಹೊತ್ತು ಬರೆಯಿರಿ; ಬದುಕಿರುವವು ಕತ್ತು ಜೋಲಿಸಿವೆಯೇ, ತಲೆ ತಿರುಚುತ್ತಿವೆಯೇ ಎಂಬುದನ್ನೂ ಸೇರಿಸಿ.