ಚಪ್ಪಲಿ ಹಾಕಿಕೊಳ್ಳುವಾಗ ಹೇಳಿದ ಮಾತು

ಮಳೆಗಾಲದ ಒಂದು ಸಂಜೆ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಮೊದಲ ಸಲ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದರು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಇಸಿಜಿ, ರಕ್ತಪರೀಕ್ಷೆ, ಹಳೇ ಚೀಟಿಗಳು ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದರು. ಎದೆ ಹಿಂಡಿದ ಹಾಗಾಗುತ್ತೆ, ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತೋದಿಲ್ಲ ಎಂದರು. ಮೊದಲು ಬೇರೊಬ್ಬ ಆಪ್ತಸಮಾಲೋಚಕರ ಹತ್ತಿರ ನಾಲ್ಕು ತಿಂಗಳು ಹೋಗಿದ್ದರಂತೆ. ಅವರು ಊರು ಬಿಟ್ಟ ಮೇಲೆ ನನ್ನ ವಿಳಾಸ ಹುಡುಕಿಕೊಂಡು ಬಂದಿದ್ದರು. ‘ಮತ್ತೆ ಮೊದಲಿಂದ ಎಲ್ಲಾ ಹೇಳಬೇಕಾ ಮೇಡಂ?’ ಎಂದು ಕೇಳುವಾಗಲೇ ದಣಿವು ಕಾಣುತ್ತಿತ್ತು.

ಐವತ್ತು ನಿಮಿಷ ಆಫೀಸು, ಬಸ್ಸು, ಮಗುವಿನ ಸ್ಕೂಲು ಇಷ್ಟನ್ನೇ ಮಾತಾಡಿದರು. ಟೈಮ್ ಮುಗಿಯಿತು. ಬಾಗಿಲ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ, ಬಗ್ಗಿದವರು ಬಗ್ಗಿದ ಹಾಗೇ ಹೇಳಿದರು: ‘ಅಪ್ಪ ಹೋಗಿ ಎರಡು ವರ್ಷ ಆಯ್ತು. ನಾನಿನ್ನೂ ಅತ್ತಿಲ್ಲ.’

ನನ್ನ ಕೆಲಸದಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಹೇಳಬೇಕಾದ ಮಾತು ಹೊರಡುವ ಹೊತ್ತಿಗೇ ಬಾಯಿಗೆ ಬರುತ್ತದೆ. ಹೊಸಬರ ಮುಂದೆ ಕೂತ ಮೊದಲ ದಿನವೇ ಮನಸ್ಸು ಬಿಚ್ಚಿಕೊಳ್ಳಬೇಕು ಎಂದು ಯಾರೂ ಕೇಳುವುದಿಲ್ಲ, ಕೇಳಬಾರದು ಕೂಡ. ನಾನು ನಿಮ್ಮನ್ನು ತಿಳಿದುಕೊಳ್ಳುವಷ್ಟೇ, ಈ ಮನುಷ್ಯರನ್ನು ನಂಬಬಹುದಾ ಅಂತ ನೀವು ನನ್ನನ್ನು ನೋಡಬೇಕು. ಮೊದಲ ಮೂರ್ನಾಲ್ಕು ಭೇಟಿ ಇರುವುದೇ ಇದಕ್ಕೆ.

ಮೊದಲ ದಿನ ನಾವು ಜಾಸ್ತಿ ಕೇಳುತ್ತೇವೆ. ನಿದ್ದೆ, ಊಟ, ಮನೆಯಲ್ಲಿ ಯಾರ್ಯಾರಿದ್ದಾರೆ, ಯಾವ ಮಾತ್ರೆ ತಗೊಳ್ತಿದ್ದೀರಿ, ಕುಡಿಯುವ ಅಭ್ಯಾಸ ಇದೆಯಾ, ಸಾಯಬೇಕು ಅನ್ನಿಸಿದ್ದುಂಟಾ. ಕೊನೆಯ ಪ್ರಶ್ನೆಗೆ ಹಲವರು ಬೆಚ್ಚುತ್ತಾರೆ. ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎನ್ನುವುದು ತಪ್ಪು, ಇದ್ದವರಿಗೆ ಹೇಳಿಕೊಂಡು ಹಗುರಾಗುವ ದಾರಿ ಸಿಗುತ್ತದೆ. ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ ಎಂದರೂ ಆಶ್ಚರ್ಯಪಡಬೇಡಿ. ಇವು ಏರುಪೇರಾದರೂ ಸುಸ್ತು, ಬೇಜಾರು ಬರುತ್ತದೆ.

ನೀವೂ ಕೇಳಿ. ಏನು ಓದಿದ್ದೀರಿ, ನನ್ನಂಥ ತೊಂದರೆ ಇರುವವರನ್ನು ನೋಡಿದ್ದೀರಾ, ಫೀಸು ಎಷ್ಟು, ಬರಲಾಗದಿದ್ದರೆ ಎಷ್ಟು ಮುಂಚೆ ತಿಳಿಸಬೇಕು ಅಂತ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮೇಲೆ ಓದಿದವರು, ಮಾತ್ರೆ ಬರೆಯುತ್ತಾರೆ. ಮಾತಿನ ಮೂಲಕ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರಬೇಕು, ನಂಬರ್ ಕೇಳಬಹುದು. ಕೇಳಿದ್ದಕ್ಕೆ ಮುಖ ಸಿಂಡರಿಸುವವರ ಹತ್ತಿರ ನಿಮ್ಮ ಕಷ್ಟ ಹೇಳಿಕೊಳ್ಳುವುದು ಸುಲಭ ಆಗಲಾರದು.

ಗುಟ್ಟಿನ ವಿಷಯಕ್ಕೆ ಬರುತ್ತೇನೆ. ಎಲ್ಲರ ಮನಸ್ಸಿನಲ್ಲೂ ಇರುವುದು ಇದೇ ಅಲ್ವಾ? ಸಣ್ಣ ಊರಿನಲ್ಲಂತೂ ವೇಟಿಂಗ್ ಹಾಲಿನಲ್ಲಿ ಪಕ್ಕದ ಬೀದಿಯವರು ಸಿಕ್ಕಿಬಿಟ್ಟರೆ ಎಂಬ ಭಯ. ಮನೆಯವರೂ ನಮಗೆ ಫೋನ್ ಮಾಡುತ್ತಾರೆ. ‘ನಮ್ಮ ಹುಡುಗ ಏನಂದ ಮೇಡಂ? ನಾನು ಅವನ ತಾಯಿ, ನನಗೆ ಹೇಳಬಹುದಲ್ಲ.’ ಆ ತಾಯಿಯ ಸಂಕಟ ನಿಜವೇ. ಆದರೂ ಮಗ ವಯಸ್ಕನಾಗಿದ್ದರೆ ಅವನ ಒಪ್ಪಿಗೆ ಇಲ್ಲದೆ ನಾನು ಹೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿಷಯ ಗುಟ್ಟಾಗಿರುವ ಹಕ್ಕನ್ನು ಕೊಟ್ಟಿದೆ. ಮಿತಿಗಳೂ ಇವೆ. ಜೀವಕ್ಕೆ ಅಪಾಯ ಇದ್ದರೆ, ಬೇರೆಯವರಿಗೆ ಪೆಟ್ಟಾಗುವಂತಿದ್ದರೆ, ಕೋರ್ಟ್ ಕೇಳಿದರೆ ಹೇಳಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ದೂರು ಕೊಡಲೇಬೇಕು. ಇವನ್ನೆಲ್ಲ ಮೊದಲ ದಿನವೇ ನಿಮಗೆ ಬಿಡಿಸಿ ಹೇಳಬೇಕಾದದ್ದು ನಮ್ಮ ಹೊಣೆ. ಹೇಳದಿದ್ದರೆ ನೀವೇ ಕೇಳಿ.

ಹಿಂದೆ ಬೇರೆಯವರ ಹತ್ತಿರ ಹೋಗಿದ್ದರೆ, ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಅದನ್ನು ತಂದರೆ ಅರ್ಧ ಕಥೆ ಮತ್ತೆ ಹೇಳುವುದು ತಪ್ಪುತ್ತದೆ. ಅಲ್ಲಿ ಯಾವುದು ಉಪಯೋಗವಾಯಿತು, ಯಾವುದು ಆಗಲಿಲ್ಲ ಎಂದು ಎರಡು ಮಾತು ಹೇಳಿದರೆ ನನಗೆ ಇನ್ನೂ ದೊಡ್ಡ ಸಹಾಯ.

ಇನ್ನೊಂದು ಕಷ್ಟ ಭಾಷೆಯದು. ‘ಡಿಪ್ರೆಶನ್’, ‘ಆಂಗ್ಸೈಟಿ’ ಎಂದೆಲ್ಲ ಹೇಳಲು ಬರದಿದ್ದರೆ ತೊಂದರೆಯಿಲ್ಲ. ‘ಹೊಟ್ಟೆಯೊಳಗೆ ಕಲಸಿದ ಹಾಗೆ’, ‘ಯಾವುದರಲ್ಲೂ ರುಚಿ ಇಲ್ಲ’, ‘ಸುಮ್ನೆ ಅಳು ಬರುತ್ತೆ’ ಎಂದರೆ ನನಗೆ ಎಷ್ಟೋ ಜಾಸ್ತಿ ಗೊತ್ತಾಗುತ್ತದೆ.

‘ಏನು ಮಾಡ್ಲಿ ಹೇಳಿಬಿಡಿ’ ಎಂದು ಕೇಳುವವರಿಗೆ ಮೊದಲ ದಿನ ನಿರಾಸೆ ಆಗಬಹುದು. ಗಂಡನ ಮನೆ ಬಿಡಬೇಕಾ, ಕೆಲಸ ಬಿಡಬೇಕಾ ಎಂದು ಐವತ್ತು ನಿಮಿಷದ ಪರಿಚಯದಲ್ಲಿ ತೀರ್ಪು ಕೊಡುವವರ ಬಗ್ಗೆ ನನಗೆ ಭಯ. ಮನೆಗೆ ಹೋದ ಮೇಲೆ ಒಂದೆರಡು ದಿನ ಮನಸ್ಸು ಮೊದಲಿಗಿಂತ ಭಾರ ಅನ್ನಿಸಲೂಬಹುದು. ಮುಚ್ಚಿಟ್ಟದ್ದನ್ನು ತೆರೆದಿದ್ದೀರಿ, ಅದಕ್ಕೆ. ಆ ದಿನ ಬೇರೆ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ. ಆದರೆ ಜೀವ ಬೇಡ ಅನ್ನಿಸಿದರೆ ಮುಂದಿನ ಭೇಟಿಗೆ ಕಾಯಬೇಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮೂರ್ನಾಲ್ಕು ಸಲ ಹೋದರೂ ಹೊಂದಾಣಿಕೆ ಆಗದಿದ್ದರೆ? ಮೊದಲು ಅದನ್ನು ಅವರಿಗೇ ಹೇಳಿ. ನಮ್ಮಲ್ಲಿ ಡಾಕ್ಟರ ಎದುರು ಹೀಗೆ ಹೇಳುವುದು ರೂಢಿಯಿಲ್ಲ, ಬೇಜಾರಾಗುತ್ತಾರೇನೋ ಎಂದು ಹೇಳದೆ ಬಿಟ್ಟುಬಿಡುತ್ತೇವೆ. ಹೇಳಿದ ಮೇಲೂ ಸರಿಹೋಗದಿದ್ದರೆ ಬದಲಾಯಿಸಿ. ಯಾರ ಹತ್ತಿರ ಹೋಗಬಹುದು ಎಂದು ಅವರನ್ನೇ ಕೇಳಬಹುದು.

ಆ ಹೆಣ್ಣುಮಗಳು ಎರಡನೇ ವಾರ ಬಂದಾಗಲೂ ಅಪ್ಪನ ಸುದ್ದಿ ಎತ್ತಲಿಲ್ಲ. ನಾನು ಒಮ್ಮೆ ಕೇಳಿ ಸುಮ್ಮನಾದೆ. ಮೂರನೇ ವಾರ ಕೂತ ತಕ್ಷಣ ಹೇಳಿದರು: ‘ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಬರೀತಾ ಇದ್ರೆ ನನಗೆ ಮಾತು ನಿಂತುಹೋಗುತ್ತೆ ಮೇಡಂ.’ ನಾನು ಪೆನ್ನು, ಪುಸ್ತಕ ಎರಡನ್ನೂ ಡ್ರಾಯರಿಗೆ ಹಾಕಿದೆ. ಫೈಲನ್ನು ಅವರು ಅವತ್ತು ತಂದಿರಲಿಲ್ಲ. ‘ಅಪ್ಪ ದಿನಾ ಬೆಳಿಗ್ಗೆ ಆರಕ್ಕೆ ಫೋನ್ ಮಾಡ್ತಿದ್ರು’ ಎಂದು ಶುರುಮಾಡಿದರು.