ಒಕ್ತೇತ್: ಇಬ್ಬಿಬ್ಬರಂತೆ ಎಂಟು ಗಂಟಲು

ಪಿಯುಸಿಯಲ್ಲಿ ಕೆಮಿಸ್ಟ್ರಿ ಓದಿದವರಿಗೆ 'ಆಕ್ಟೆಟ್' ಅಂದ ಕೂಡಲೇ ಪರಮಾಣುವಿನ ಹೊರಕವಚದ ಎಂಟು ಎಲೆಕ್ಟ್ರಾನುಗಳು ನೆನಪಾಗುತ್ತವೆ. ಯುರೋಪಿನ ಸ್ಲೊವೇನಿಯಾ ದೇಶದಲ್ಲಿ ಅದೇ ಪದ ಹಾಡುಗಾರರಿಗೂ ಸೇರಿದ್ದು. ಅಲ್ಲಿ ಅದನ್ನು 'ಒಕ್ತೇತ್' ಅನ್ನುತ್ತಾರೆ. ಎಂಟು ಜನ ಕೂಡಿ ಹಾಡುವ ತಂಡ ಅಂತ ಅರ್ಥ.

ಪದದ ಬೇರು ಲ್ಯಾಟಿನ್ನಿನ 'ಒಕ್ತೊ', ಅಂದರೆ ಎಂಟು. ನಮಗೆ ಸಂಸ್ಕೃತದಿಂದ ಬಂದ 'ಅಷ್ಟ' ಇದರ ದೂರದ ನೆಂಟ. ಸ್ಲೊವೇನಿಯನ್ ಭಾಷೆಯಲ್ಲಿ ಎಂಟಕ್ಕೆ 'ಓಸೆಮ್' ಎಂಬ ಪದ ಇದ್ದೇ ಇದೆ. ಆದರೂ ತಂಡಕ್ಕೆ ಮಾತ್ರ ಲ್ಯಾಟಿನ್ ಹೆಸರೇ ನಿಂತಿದೆ.

ಹಾಗಾದರೆ ಯಾರಾದರೂ ಎಂಟು ಜನ ಸೇರಿ ಹಾಡಿದರೆ ಒಕ್ತೇತ್ ಆಗುತ್ತದಾ? ಲೆಕ್ಕಕ್ಕೆ ಆಗುತ್ತದೆ. ಆದರೆ ಗುಟ್ಟು ಇರುವುದು ಹಂಚಿಕೆಯಲ್ಲಿ. ನಮ್ಮ ಭಜನೆಯಲ್ಲಿ ಎಷ್ಟು ಜನ ಕೂತರೂ ಎಲ್ಲರೂ ಹಾಡುವುದು ಒಂದೇ ರಾಗ. ಗಂಡಸರ ಒಕ್ತೇತಿನಲ್ಲಿ ಹಾಗಲ್ಲ, ಒಂದೇ ಹಾಡು ನಾಲ್ಕು ದಾರಿಯಲ್ಲಿ ಒಟ್ಟಿಗೆ ಸಾಗುತ್ತದೆ. ಎಲ್ಲಕ್ಕಿಂತ ಏರು ದನಿ ಮೊದಲನೇ ಟೆನರ್, ಅದರ ಕೆಳಗೆ ಎರಡನೇ ಟೆನರ್, ಆಮೇಲೆ ನಡುದನಿಯ ಬ್ಯಾರಿಟೋನ್, ತಳದಲ್ಲಿ ತಗ್ಗು ದನಿಯ ಬೇಸ್. ಸಾಮಾನ್ಯವಾಗಿ ಒಂದೊಂದು ದಾರಿಗೆ ಇಬ್ಬರು.

ಯಾಕೆ ಇಬ್ಬರು? ಉಸಿರಿಗಾಗಿ! ನಾಲ್ಕೇ ಜನ ಇದ್ದರೆ ಒಬ್ಬ ಉಸಿರೆಳೆದುಕೊಂಡಾಗ ಅವನ ದಾರಿ ಅಷ್ಟು ಹೊತ್ತು ಖಾಲಿ. ಇಬ್ಬರಿದ್ದರೆ ಒಬ್ಬ ಉಸಿರೆಳೆಯುವಾಗ ಇನ್ನೊಬ್ಬ ಸ್ವರ ಹಿಡಿದಿರುತ್ತಾನೆ, ಎಳೆ ಹರಿಯುವುದಿಲ್ಲ. ನಲವತ್ತು ಜನರ ಗುಂಪಿನಲ್ಲಿ ಒಬ್ಬ ಸುಮ್ನೆ ಬಾಯಾಡಿಸಿದರೂ ಗೊತ್ತಾಗಲಿಕ್ಕಿಲ್ಲ, ಅಲ್ವಾ? ಇಲ್ಲಿ ಅಡಗಿಕೊಳ್ಳಲು ಜಾಗವೇ ಇಲ್ಲ. ವಾದ್ಯಗಳೂ ಜೊತೆಗಿಲ್ಲದಾಗ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಕಿವಿಗೆ ಬೀಳುತ್ತದೆ. ಎಲ್ಲವೂ ಗಂಡು ದನಿ ಆದ್ದರಿಂದ ಸ್ವರಗಳು ಒತ್ತೊತ್ತಾಗಿ ಕೂರುತ್ತವೆ. ಆ ದಟ್ಟ ನಾದವೇ ಇದರ ರುಚಿ.

ಪದ ಹೊರಗಿನದಾದರೂ ಹಾಡುವ ರೂಢಿ ಅಲ್ಲಿಯ ಹಳ್ಳಿಯದೇ. ನಮಗೆ ಅರಳಿಕಟ್ಟೆ ಇದ್ದ ಹಾಗೆ ಅವರಿಗೆ ಊರ ನಡುವಿನ ಲಿಂಡನ್ ಮರ. ಹಳ್ಳಿ ಹುಡುಗರು ರಾತ್ರಿ ಹೊತ್ತು ಗುಂಪುಗೂಡಿ ಹಾಡುತ್ತಿದ್ದರು. ಹಾಡು ಎತ್ತಿಕೊಡುವವನ ದನಿಗೆ 'ನಪ್ರೇಯ್', ಅಂದರೆ ಮುಂದೆ. ಅದರ ಮೇಲಿಂದ ಹಾಯುವ ದನಿಗೆ 'ಚೆಜ್'. ಅಡಿಯಲ್ಲಿ ಬೇಸ್. ಇದಕ್ಕೆ ಯಾವ ಸಂಗೀತ ಶಾಲೆಯ ಪಾಠವೂ ಬೇಕಿರಲಿಲ್ಲ. ಮೂವರು ಸ್ಲೊವೇನಿಯನ್ನರು ಸೇರಿದರೆ ಅದೊಂದು ಗಾಯನ ತಂಡ ಅಂತ ಅವರೇ ತಮಾಷೆ ಮಾಡಿಕೊಳ್ಳುತ್ತಾರೆ. ಸುಮಾರು 20 ಲಕ್ಷ ಜನರ ದೇಶ, ಆದರೆ ಹಾಡುವ ಹುಚ್ಚು ಜಾಸ್ತಿ.

ಈ ಪದಕ್ಕೆ ಅಲ್ಲಿ ಒಂದು ಮುಖ ಕೊಟ್ಟದ್ದು 1951ರಲ್ಲಿ ಶುರುವಾದ 'ಸ್ಲೊವೆನ್ಸ್ಕಿ ಒಕ್ತೇತ್', ಸ್ಲೊವೇನಿಯಾದ ಎಂಟರ ತಂಡ. 16ನೇ ಶತಮಾನದ ಯಾಕೊಬಸ್ ಗಾಲಸ್‌ನ ಚರ್ಚ್ ಸಂಗೀತದಿಂದ ಹಿಡಿದು ಹಳ್ಳಿಯ ಪ್ರೇಮಗೀತೆಯವರೆಗೆ ಎಲ್ಲವನ್ನೂ ಹಾಡಿದ ಬಳಗ ಅದು. ಆಗಿನ್ನೂ ಸ್ಲೊವೇನಿಯಾ ಯುಗೊಸ್ಲಾವಿಯದ ಒಂದು ಭಾಗ. ತನ್ನದೇ ದೇಶ ಆದದ್ದು 1991ರಲ್ಲಿ. 1990ರ ದಶಕದಲ್ಲಿ ಹಳೆಯ ತಲೆಮಾರು ಪಕ್ಕಕ್ಕೆ ಸರಿದು ಹೊಸಬರು ಬಂದರು. ಗಂಟಲುಗಳು ಬೇರೆ, ಹೆಸರು ಅದೇ. ಹಾಡುವವರು ಈಗಲೂ ಎಂಟೇ ಜನ.